ನಾನೂರ ಹನ್ನೆರಡಕ್ಕೊಂದು ಹೆಸರು

ಬೆಳಗಿನ ಜಾವ. ಹಾಲಿನವನು ಇನ್ನೂ ಬಂದಿಲ್ಲ. ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡೇ ಹಲ್ಲಕ್ಕ ಅಡುಗೆಮನೆಯ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಾರೆ. ಬಾಯಲ್ಲಿ ನೊರೆ, ಪರದೆಯ ಮೇಲೆ ಬಾಯಲ್ಲೇ ವಾಸಿಸುವ ಬ್ಯಾಕ್ಟೀರಿಯಗಳ ವಿಚಾರ.

"ಒಂದು ಕಡೆ ಅವನ್ನ ಉಜ್ಜಿ ಉಗಿತೀಯ, ಇನ್ನೊಂದು ಕಡೆ ಕೂರಿಸಿ ಉಪಚಾರ ಮಾಡ್ತೀಯ," ಎನ್ನುತ್ತಾರೆ ಒಲೆಯ ಬಳಿ ನಿಂತ ಅತ್ತೆ. "ಯಾವುದಾದ್ರೂ ಒಂದು ಮಾಡು ತಾಯಿ."

ಹಲ್ಲಕ್ಕ ಎಂಬುದು ಕಚೇರಿಯವರು ಇಟ್ಟ ಅಡ್ಡಹೆಸರು. ಅವರೇನೂ ಹಲ್ಲಿನ ಡಾಕ್ಟರಲ್ಲ. ಹಲ್ಲಿನ ಡಾಕ್ಟರನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುವ ಪೈಕಿ. ದೇವರು ಮನುಷ್ಯನಿಗೆ ಬಾಯಿ ಕೊಟ್ಟಾಗ ಅದರಲ್ಲಿ ನೂರಾರು ಬಗೆಯ ಬ್ಯಾಕ್ಟೀರಿಯಗಳಿಗೂ ಜಾಗ ಕೊಟ್ಟಿದ್ದಾನೆ. ಒಳ್ಳೆಯವಿವೆ, ಕೇಡಿಗಳಿವೆ, ಯಾರ ತಂಟೆಗೂ ಹೋಗದೆ ದವಡೆಯ ಮೂಲೆಯಲ್ಲಿ ಬಿದ್ದುಕೊಂಡಿರುವವೂ ಇವೆ. ಒಂದೊಂದರ ವಂಶವಾಹಿಗಳ ಪೂರ್ತಿ ಬರಹವನ್ನು ಒಂದು ವೆಬ್‌ಸೈಟಿನಲ್ಲಿ ಜೋಡಿಸಿಟ್ಟು, ಹುಡುಕಲು ಹೋಲಿಸಲು ಬೇಕಾದ ಸಾಧನಗಳನ್ನು ಓಡಿಸುವುದು ಹಲ್ಲಕ್ಕನ ಕೆಲಸ. ಎಲ್ಲೋ ಕುಳಿತ ವಿಜ್ಞಾನಿ ಯಾರದೋ ಒಸಡಿನಿಂದ ಸಿಕ್ಕ ವಂಶವಾಹಿಯ ತುಣುಕೊಂದನ್ನು ಅಲ್ಲಿ ಹಾಕಿದರೆ, ಅದು ಯಾವ ಮನೆತನದ್ದು, ನೆಂಟರು ಯಾರು ಎಂದು ಉತ್ತರ ಬರುತ್ತದೆ. ದಿನಕ್ಕೆ ಸಾವಿರಕ್ಕೂ ಹೆಚ್ಚು ಹುಡುಕಾಟ. ಎಲ್ಲ ಸರಿಯಾಗಿ ನಡೆದರೆ ಒಬ್ಬರೂ ನೆನೆಯುವುದಿಲ್ಲ. ಸ್ವಲ್ಪ ಹೊತ್ತು ನಿಂತರೆ ಭೂಮಂಡಲವೇ ಬಯ್ಯುತ್ತದೆ.

"ನಾನು ಬೈಸಿಕೊಳ್ಳದ ದೇಶ ಇಲ್ಲ," ಎನ್ನುತ್ತಾರೆ ಹಲ್ಲಕ್ಕ, ಬಾಯಿ ಮುಕ್ಕಳಿಸಿ ಬಂದು. "ಆದರೆ ಎಲ್ಲರೂ 'ಮಾನ್ಯರೇ' ಅಂತಲೇ ಶುರು ಮಾಡ್ತಾರೆ. ಮರ್ಯಾದಸ್ಥರು."

ಇಂದಿನ ಕಷ್ಟ ಬಯ್ಗುಳದಿಂದ ಬಂದದ್ದಲ್ಲ, ಹೊಗಳಿಕೆಯಿಂದ ಬಂದದ್ದು. ಪ್ರಯೋಗಶಾಲೆಯಲ್ಲಿ ಯಾರಾದರೂ ಬೆಳೆಸಿ ತೋರಿಸುವವರೆಗೆ ಇಂಥ ಜೀವಿಗೆ ಹೆಸರಿಲ್ಲ, ಬರೀ ನಂಬರು. ನಾನೂರ ಹನ್ನೆರಡು ಎಂಬುದು ಎಷ್ಟೋ ವರ್ಷ ಹಾಗೇ ಬಿದ್ದಿತ್ತು. ಈಗ ವಿಜ್ಞಾನಿಯೊಬ್ಬರು ಅದನ್ನು ಬೆಳೆಸಿದ್ದಾರೆ. ಹಲ್ಲಕ್ಕನ ವೆಬ್‌ಸೈಟ್ ಇಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ, ಆದ್ದರಿಂದ ನಿಮ್ಮ ಹೆಸರನ್ನೇ ಇಡುತ್ತೇವೆ ಎಂದು ಬರೆದಿದ್ದಾರೆ. ಬೇರೆ ಹೆಸರು ತೋಚಿದರೆ ಮಧ್ಯಾಹ್ನದೊಳಗೆ ತಿಳಿಸಬೇಕು. ಲೇಖನ ಅಚ್ಚಿಗೆ ಹೋಗುತ್ತದೆ.

ಆ ಬ್ಯಾಕ್ಟೀರಿಯದ ಕಸುಬು, ಬಾಯಿ ನಾರುವಂತೆ ಮಾಡುವುದು.

"ನಮ್ಮನೆ ಸೊಸೆ ಹೆಸರಲ್ಲಿ ಕಂಡವರ ಬಾಯೆಲ್ಲ ನಾರಬೇಕಾ?" ಅತ್ತೆಯ ಕೈಯ ಸೌಟು ಮೇಲೇರಿದೆ. "ನಾಳೆ ಡಾಕ್ಟರು ಏನಂತಾನೆ? ಬಾಯಿ ತೆಗೀರಿ, ಓಹೋ, ಇವಳು ಸೇರ್ಕೊಂಡಿದ್ದಾಳೆ, ಕೆರೆದು ತೆಗೀಬೇಕು ಅಂತಾನೆ!"

"ಅದಕ್ಕೇ ಅತ್ತೆ, ತಲೆ ಕೆಡಿಸ್ಕೊಂಡು ಕೂತಿರೋದು. ಒಂದ್ಸಲ ಅಚ್ಚಾದ್ರೆ ಮುಗೀತು, ಅಳಿಸೋಕಾಗಲ್ಲ."

"ನಿನ್ನ ಗಂಡನ ಹೆಸರು ಕೊಟ್ಟುಬಿಡು. ಹೇಗಿದ್ರೂ ಅವನು ರಾತ್ರಿ ಹಲ್ಲುಜ್ಜಲ್ಲ."

"ನನಗೆ ಕೇಳಿಸ್ತಿದೆ," ಎಂದು ಒಳಕೋಣೆಯಿಂದ ದನಿ ಬರುತ್ತದೆ.

ಅತ್ತೆಗೆ ಹಲ್ಲಕ್ಕ ಇನ್ನೂ ಹೇಳದ ಮಾತೊಂದಿದೆ. ಮೊದಮೊದಲು ಬಾಯಿಯ ಮಾದರಿ ಕೊಡುವವರೇ ಸಿಗದೆ, ಕಚೇರಿಯವರು ತಮ್ಮ ತಮ್ಮ ಮನೆಯವರನ್ನೇ ಕರೆದೊಯ್ದಿದ್ದರು. ಹಲ್ಲಕ್ಕ ಮಾವನನ್ನು ಕರೆದೊಯ್ದಿದ್ದರು. ಬಸ್ ಕಂಡಕ್ಟರಾಗಿದ್ದ ಮಾವ ಬಾಯಿ ತೆರೆದೂ ಮಾತಾಡದೆ ಕುಳಿತದ್ದು ಅದೊಂದೇ ದಿನ. ಕೊಟ್ಟವರ ಗುರುತನ್ನು ಗುಟ್ಟಾಗಿಡಬೇಕೆಂದು ನಿಯಮ. ಮಾವ ಮಾತ್ರ ಸಂಜೆಯೊಳಗೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಫ್ರೀಜರಿನಲ್ಲಿ ಉಳಿದಿದ್ದ ಅದೇ ಮಾದರಿಯಿಂದ ಈಗ ನಾನೂರ ಹನ್ನೆರಡು ಬೆಳೆದಿದೆ. ಮಾವ ಹೋಗಿ ಒಂದು ವರ್ಷವಾಗುತ್ತಾ ಬಂತು. ಕಿಟಕಿಯ ಪಕ್ಕದ ಅವರ ಕುರ್ಚಿಯಲ್ಲಿ ಇನ್ನೂ ಯಾರೂ ಕೂರುವುದಿಲ್ಲ.

"ಅತ್ತೆ, ಅದು ಮಾವನ ಬಾಯಿಂದ ಬಂದಿದ್ದು," ಎಂದು ಹಲ್ಲಕ್ಕ ಹೇಳಿಯೇಬಿಡುತ್ತಾರೆ.

ಸೌಟು ನಿಧಾನವಾಗಿ ಕೆಳಗಿಳಿಯುತ್ತದೆ. "ಇನ್ನೂ ಇದೆಯಾ?"

"ಇದೆ. ಚೆನ್ನಾಗಿದೆ."

"ಮತ್ತೆ ಇಷ್ಟು ವರ್ಷ ಯಾಕೆ ಬೆಳೀಲಿಲ್ಲ?"

"ಒಂಟಿಯಾಗಿ ಇಟ್ರೆ ಸತ್ತೋಗ್ತಿತ್ತಂತೆ. ಪಕ್ಕಕ್ಕೆ ಇನ್ನೊಂದು ಬ್ಯಾಕ್ಟೀರಿಯ ಬಿಟ್ಟ ಮೇಲೆ ಬೆಳೆದಿದೆ. ಅದರಿಂದ ಇದಕ್ಕೆ ಏನು ಸಿಗುತ್ತೋ, ಇನ್ನೂ ಗೊತ್ತಾಗಿಲ್ಲ."

"ಅದರಲ್ಲಿ ಗೊತ್ತಾಗೋದೇನಿದೆ?" ಅತ್ತೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ. "ಮಾತು ಕೇಳೋರು ಬೇಕು. ನಾನು ತವರಿಗೆ ಹೋದ್ರೆ ಮೂರನೇ ದಿನಕ್ಕೆ ನಿಮ್ಮಾವ ಜ್ವರ ಅಂತ ಅಲ್ಲಿಗೇ ಬರೋರು. ಬಂದ ಮೇಲೆ ಜ್ವರವೂ ಇಲ್ಲ, ಏನೂ ಇಲ್ಲ, ಬರೀ ಮಾತು." ಒಲೆಯ ಉರಿ ಸಣ್ಣ ಮಾಡಿ ಕೇಳುತ್ತಾರೆ, "ವಾಚಾಳಿ ಅನ್ನೋಕೆ ಆ ವಿಜ್ಞಾನಿಗಳ ಭಾಷೇಲಿ ಪದ ಇಲ್ಲವಾ?"

ಇಂಥ ಹೆಸರುಗಳು ಲ್ಯಾಟಿನ್ನಿನಲ್ಲಿರುತ್ತವೆ. ಹುಡುಕಿದರೆ, ಪದ ಇದೆ. ಮಾವನ ಗುರುತು ಬಿಟ್ಟುಕೊಡದೆ ಮಾವನನ್ನೇ ಹೇಳುವ ಪದ. ಹೆಸರಿಗೆ ಕಾರಣ ಕೊಡಬೇಕಾದ ಜಾಗದಲ್ಲಿ ಹಲ್ಲಕ್ಕ "ವಾಚಾಳಿಯಂತೆ ಜೊತೆಯಿಲ್ಲದೆ ಬಾಳದ್ದರಿಂದ" ಎಂದು ಬರೆದು ಕಳಿಸುತ್ತಾರೆ. ಹಾಲಿನವನು ಬರುವ ಹೊತ್ತಿಗೆ ವಿಜ್ಞಾನಿಯ ಒಪ್ಪಿಗೆಯೂ ಬರುತ್ತದೆ.

ಇನ್ನು ಹಲ್ಲಕ್ಕನಿಗೆ ಉಳಿದಿರುವ ಆಸೆ ಸಣ್ಣದು. "ಹೊಸ ಹೆಸರು ಬಂತು ಅಂತ ಹಳೇ ನಂಬರು ಕಿತ್ತುಹಾಕಬಾರದು. ನಾನೂರ ಹನ್ನೆರಡು ಅಂತ ಹುಡುಕ್ಕೊಂಡು ಬಂದವರಿಗೂ ಬಾಗಿಲು ತೆಗೀಬೇಕು."

ಅತ್ತೆ ಲೋಟಕ್ಕೆ ಚಹಾ ಬಗ್ಗಿಸುತ್ತಾ ಪರದೆಯ ಕಡೆ ಬಗ್ಗಿ ನೋಡುತ್ತಾರೆ.

"ಈ ಪುಟಕ್ಕೆ ತುಂಬ ಜನ ಬರ್ತಾರಾ?"

"ಇನ್ಮೇಲೆ ಬರ್ತಾರೆ ಅತ್ತೆ. ಬೇರೆ ಬೇರೆ ದೇಶದಿಂದ."

"ಬರಲಿ," ಎನ್ನುತ್ತಾರೆ ಅತ್ತೆ, ಕಿಟಕಿಯ ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕೂರುತ್ತಾ. "ಅವರೂ ಸ್ವಲ್ಪ ಕೇಳಲಿ."