ಚಿತ್ರವಿಲ್ಲದ ಸಾಲು

ಹಳೇಬೀಡಿನ ಸುತ್ತಲ ಸರ್ಕಾರಿ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿ, ಬಾರದ ಮಗುವಿಗೆ ಹಾಜರಿ ಪುಸ್ತಕದಲ್ಲಿ ಒಂದು ದಿನವೂ ಸುಳ್ಳು ಹಾಜರಿ ಹಾಕದ ಮುಖ್ಯೋಪಾಧ್ಯಾಯಿನಿ ಎಂದು ಶ್ರೀಮತಿ ರುಕ್ಮಿಣಮ್ಮನವರ ಬಗ್ಗೆ ಅವರ ನಿವೃತ್ತಿಯ ಈ ಅಭಿನಂದನಾ ಸಂಪುಟದಲ್ಲಿ ಬಲ್ಲವರು ಬರೆದಿರುತ್ತಾರೆ. ನಾನು ಹೇಳಲಿರುವುದು ಒಂದು ಶುಕ್ರವಾರದ ಸಂಗತಿ. ಆರು ವರ್ಷವಾದರೂ ಮರೆತಿಲ್ಲ.

೨೦೦೨ರಲ್ಲಿ ಹುಲಿಕೆರೆ ದಾರಿಯ ಅವರ ಶಾಲೆಗೆ ನಾನು ಸಹಶಿಕ್ಷಕಿಯಾಗಿ ಸೇರಿದಾಗ ಇದ್ದದ್ದು ಇಪ್ಪತ್ತೊಂಬತ್ತು ಮಕ್ಕಳು. ಅಜ್ಜಿಯ ಕಥೆ ಕೇಳುತ್ತಲೇ ಬೆಳೆದ ನನಗೆ ಪಾಠವೆಂದರೂ ಕಥೆಯೇ. ಕೆರೆಯ ತಳದಲ್ಲಿ ಅಂಗಡಿ ಇಟ್ಟ ಮೀನಿನ ಕಥೆ ಮನೆಮನೆಗೂ ಹೋಯಿತು. ಮರುವರ್ಷ ಮಕ್ಕಳು ಐವತ್ತೊಂದಾದರು, ಕೊಠಡಿ ಮಾತ್ರ ಎರಡೇ. ಇನ್ನೊಂದು ಕೊಠಡಿ ಮಂಜೂರಾಗಬೇಕಾದರೆ ದಾಖಲಾತಿಯ ಜೊತೆಗೆ ಓದಬಲ್ಲ ಮಕ್ಕಳೆಷ್ಟು ಎಂಬುದನ್ನೂ ಬರೆದು ಸೋಮವಾರ ಬೇಲೂರಿನ ಶಿಕ್ಷಣ ಕಚೇರಿಗೆ ಕಳಿಸಬೇಕಿತ್ತು.

ಶುಕ್ರವಾರ ಮೇಡಂ ನನ್ನ ಮೂರನೇ ತರಗತಿಗೆ ಬಂದರು. ಶಿಲ್ಪಶ್ರೀ ಎಂಬ ಹುಡುಗಿ ಸಾಲಿನ ಮೇಲೆ ಬೆರಳಿಟ್ಟು ಒಂದು ಪುಟವನ್ನು ತಡೆಯಿಲ್ಲದೆ ಓದಿದಳು. ನಾನು ಹಿಗ್ಗಿದೆ. ಮೇಡಂ ಪುಸ್ತಕ ಮುಚ್ಚಿ, ಅದೇ ಪುಟದ ಒಂದು ಸಾಲನ್ನು ಬೋರ್ಡಿನ ಮೇಲೆ ಬರೆದು ಓದೆಂದರು.

"ಇದ್ರಲ್ಲಿ ಚಿತ್ರಾನೇ ಇಲ್ವಲ್ಲ ಮಿಸ್, ಹೆಂಗ್ ಓದಾದು?"

ಇಪ್ಪತ್ತೆರಡು ಮಕ್ಕಳಲ್ಲಿ ಓದಿದವರು ನಾಲ್ವರು. ಉಳಿದವರು ಚಿತ್ರದಿಂದ ಪಾಠ ಗುರುತು ಹಿಡಿದು, ನಾನು ಉಸಿರು ತೆಗೆದುಕೊಳ್ಳುವ ಜಾಗವನ್ನೂ ಸೇರಿಸಿ ನನ್ನನ್ನೇ ಬಾಯಿಪಾಠ ಒಪ್ಪಿಸುತ್ತಿದ್ದರು.

"ಎಲ್ರೂ ಓದ್ತಾರೆ ಅಂತ ಬರೆದುಬಿಡಿ ಮೇಡಂ. ಎರಡು ತಿಂಗಳಲ್ಲಿ ಕಲಿಸಿಬಿಡ್ತೀನಿ," ಎಂದೆ.

"ಓದ್ತಾರೆ ಅಂತ ಬರೆದ್ಮೇಲೆ ಯಾರೂ ಕಲಿಸೋಕೆ ಬರಲ್ಲ ಕಣಮ್ಮ. ನೀನೂ ಸೇರಿ," ಎಂದು ನಾಲ್ಕೆಂದೇ ಬರೆದರು.

ಕೊಠಡಿ ಬೇರೆ ಊರಿನ ಪಾಲಾಯಿತು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ಚನ್ನಪ್ಪನವರು ಬಾಗಿಲಲ್ಲೇ ನಿಂತರು. "ಊರ ಮಾನ ಕಳೆಯಾಕೆ ಒಂದು ಅಂಕಿ ಸಾಕಾಯ್ತಲ್ಲ ಮೇಡಮ್ನೋರೆ. ಯಾರ ಕ್ಲಾಸದು?"

ನಾನು ನೆಲ ನೋಡಿದೆ.

"ನನ್ನ ಸ್ಕೂಲಿನ ಕ್ಲಾಸು ಕಣ್ರೀ. ಒಳಗೆ ಬನ್ನಿ, ನಿಮ್ಮ ಮೊಮ್ಮಗಳು ಶಿಲ್ಪಶ್ರೀನೂ ಇದಾಳೆ. ಓದಿಸಿ ನೋಡಿ," ಎಂದರು ಮೇಡಂ.

ಅವರು ಒಳಗೆ ಬರಲಿಲ್ಲ.

ಇನ್ನು ನನ್ನ ಕಥೆಗಳು ಮುಗಿದವೆಂದುಕೊಂಡೆ. ಮೇಡಂ ಹೇಳಿದ್ದೇ ಬೇರೆ: "ಕಥೆ ಹೇಳು. ಕೊನೆ ಮಾತ್ರ ಬಾಯಲ್ಲಿ ಹೇಳ್ಬೇಡ, ಬೋರ್ಡ್ ಮೇಲೆ ಬರಿ." ಆ ವರ್ಷವಿಡೀ ತಮ್ಮ ಬಿಡುವಿನ ಪೀರಿಯಡ್‌ಗಳಲ್ಲಿ ಅವರು ನನ್ನ ತರಗತಿಯ ಕೊನೆಯ ಸಾಲಿನಲ್ಲಿ, ಮಕ್ಕಳ ಜೊತೆ ಚಾಪೆಯ ಮೇಲೆ ಕೂತರು. ಮೀನಿನ ಅಂಗಡಿಗೆ ಕೊಕ್ಕರೆ ಗಿರಾಕಿಯಾಗಿ ಬಂದಲ್ಲಿಗೆ ನಾನು ನಿಲ್ಲಿಸಿ ಕೊನೆಯನ್ನು ಬೋರ್ಡಿನ ಮೇಲೆ ಬರೆದರೆ, ಬಾಯಲ್ಲೇ ಹೇಳಿ ಎಂದು ಮಕ್ಕಳು ಗೋಗರೆಯುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಒಂದು ದಿನ ಶಿಲ್ಪಶ್ರೀ ಎದ್ದು, ಅಕ್ಷರಕ್ಕೆ ಅಕ್ಷರ ಕೂಡಿಸಿ, "ಮೀನು ಬಾಗಿಲು ಹಾಕಿತು" ಎಂದು ಓದಿದಳು. ಬೆಚ್ಚಿಬಿದ್ದವಳು ನಾನು. ಅವಳು, "ಅಷ್ಟೇನಾ ಮಿಸ್? ಇದಕ್ಕಾ ಇಷ್ಟ್ ದಿನ ಕಾಯ್ಸಿದ್ದು?" ಎಂದಳು. ಮೇಡಂ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗಲೇ.

ಈಗಲೂ ನಮ್ಮದು ಅದೇ ಎರಡು ಕೊಠಡಿ. ಮೇಡಂ, ನೀವು ನೂರು ವರ್ಷ ಆರೋಗ್ಯವಾಗಿರಿ. ಆದರೆ ವಿಶ್ರಾಂತಿ ಹಾರೈಸಲು ನನಗೆ ಮನಸ್ಸಿಲ್ಲ. ಈ ವರ್ಷದ ಮೂರನೇ ತರಗತಿಯಲ್ಲಿ ಓದುತ್ತಿರುವವರು ಯಾರು, ನನ್ನ ದನಿಗೆ ತುಟಿ ಆಡಿಸುತ್ತಿರುವವರು ಯಾರು ಎಂದು ಮುಂದೆ ನಿಂತ ನನಗೆ ಇನ್ನೂ ಪೂರ್ತಿ ಕಾಣುವುದಿಲ್ಲ. ಕೊನೆಯ ಸಾಲಿನ ಚಾಪೆಯನ್ನು ಮಡಿಸಿಲ್ಲ.