ಜೋಸೆಫರು ನೋಡಿದ ಕಡೆ

ಕೊನೆಯ ದಿನವೂ ಗಂಡ ಹೆಂಡತಿ ಜಗಳವಾಡಿದ್ದರು. ಜಗಳ ಹಳೆಯದೇ.

ಸಿಸಿಲಿಯ ಆ ಬೆಟ್ಟದೂರಿನ ಇಗರ್ಜಿಯಲ್ಲಿ ಗೋಡೆಯಗಲದ ಎಣ್ಣೆಬಣ್ಣದ ಪಟವಿದೆ. ಅರಸನ ಆಳುಗಳು ಕೂಸನ್ನು ಕೊಲ್ಲಲು ಬರುವ ಮೊದಲೇ ಜೋಸೆಫರು ಹೆಂಡತಿ ಮಗುವನ್ನು ಕತ್ತೆಯ ಮೇಲೆ ಕೂರಿಸಿ ಈಜಿಪ್ಟಿಗೆ ಹೊರಟಿದ್ದಾರೆ. ತಲೆಮಾರುಗಳ ಮೇಣದಬತ್ತಿಯ ಹೊಗೆಗೆ ಪಟವೆಲ್ಲ ಕಪ್ಪು. ಜೋಸೆಫರ ಹಬ್ಬ ಹತ್ತಿರವಿತ್ತು. ಇಗರ್ಜಿ ನೋಡಿಕೊಳ್ಳುತ್ತಿದ್ದ ನುಂಜಿಯೊ ಏಣಿ ಹತ್ತಿ, ಹಳೆಯ ಬ್ರೆಡ್ಡಿನ ತಿರುಳಿನಿಂದ ಮಸಿ ಒರೆಸುತ್ತಿದ್ದ. ಕತ್ತೆ ಬೆಳಗಿತು. ಮರಿಯಮ್ಮ, ಮಗು ಬೆಳಗಿದರು. ಜೋಸೆಫರ ಮುಖ ಮಾತ್ರ ಇನ್ನೂ ಮಸಿಯಲ್ಲೇ ಇತ್ತು; ಅವರು ಯಾವ ಕಡೆ ನೋಡುತ್ತಿದ್ದಾರೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಊಟಕ್ಕೆ ಕರೆಯಲು ಬಂದ ಹೆಂಡತಿ ವೆನೇರಾ ಏಣಿಯ ಬುಡದಲ್ಲಿ ನಿಂತು ಹಳೆಯ ಮಾತನ್ನೇ ತೆಗೆದಳು. ಜೋಸೆಫರು ತಿರುಗಿ ಹೆಂಡತಿಯನ್ನು ನೋಡುತ್ತಿದ್ದಾರೆ ಎಂದಳು.

“ಕತ್ತೆ ಹಿಡಿದೋನು ದಾರಿ ನೋಡ್ತಾನೆ ಕಣೇ,” ಎಂದ ನುಂಜಿಯೊ. “ಹೆಂಡ್ತಿ ಮುಖ ನೋಡ್ತಾ ಹೋದ್ರೆ ಎಲ್ರೂ ಹಳ್ಳಕ್ಕೆ.”

“ನೀನು ಯಾವತ್ತು ನನ್ನ ಮುಖ ನೋಡಿದ್ದೆ, ನಿನಗೆ ಗೊತ್ತಾಗೋಕೆ?”

“ನಾಳೆ ಒರೆಸಿ ತೋರಿಸ್ತೀನಿ. ನೀನು ಸೋತ್ರೆ ಒಂದು ವಾರ ನನ್ನ ಬೂಟು ಉಜ್ಜಬೇಕು.”

ಅವಳು ಒಪ್ಪಿದಳು. ಇಬ್ಬರೂ ಮನೆಗೆ ಹೋಗಿ ಕಾಳಿನ ಸಾರು ಉಂಡರು. ಮರುದಿನ ನುಂಜಿಯೊ ಏಳಲಿಲ್ಲ.

ಮಣ್ಣಾದ ಮೇಲೆ ಫಾದರ್ ಎಜಿದಿಯೊ ಮನೆಗೆ ಬಂದರು. ಹಬ್ಬಕ್ಕೆ ಪಟದ ಮೇಲೆ ಬಿಳಿ ಬಟ್ಟೆ ಇಳಿಬಿಡೋಣ, ಆಮೇಲೆ ಪಟ್ಟಣದಿಂದ ಯಾರನ್ನಾದರೂ ಕರೆಸೋಣ ಎಂದರು.

“ಪಟ್ಟಣದೋನಿಗೆ ನಮ್ಮ ಜಗಳ ಏನು ಗೊತ್ತು ಫಾದರ್? ಇಗರ್ಜಿ ಕೀಲಿ ಕೊಡಿ.”

ಗಂಡ ಸತ್ತವಳು ಹೊಸಿಲು ದಾಟುವ ಕಾಲ ಅದಲ್ಲ, ಏಣಿ ಹತ್ತುವುದಂತೂ ದೂರ. ಕೀಲಿ ಹಿಡಿದು ಹೊರಟವಳನ್ನು ಪಕ್ಕದ ಮನೆಯ ಕೊನ್ಚೆತ್ತಾ ತಡೆದಳು. ಜನ ಏನಂದಾರು ಎಂದಳು. ನೋಡುವವರು ಏಣಿ ಹಿಡಿದುಕೊಳ್ಳಲಿ ಎಂದಳು ವೆನೇರಾ. ಕೊನ್ಚೆತ್ತಾ ಬಂದು ಹಿಡಿದುಕೊಂಡಳು.

ಸೂತಕದ ಕಪ್ಪು ಉದ್ದ ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ವೆನೇರಾ ಹತ್ತಿದಳು. ಬ್ರೆಡ್ಡಿನ ತಿರುಳಿನಿಂದ ಒರೆಸತೊಡಗಿದಳು. ಮೊದಲು ಗಡ್ಡ ಬಂತು. ಆಮೇಲೆ ಮೂಗು. ಕಣ್ಣಿಗೆ ಬಂದಾಗ ಹೊಸ ತಿರುಳು ಮುರಿದುಕೊಂಡು ಮೆಲ್ಲಗೆ ಒರೆಸಿದಳು.

ಜೋಸೆಫರು ದಾರಿಯನ್ನೇ ನೋಡುತ್ತಿದ್ದರು. ಹಿಂದಕ್ಕೆ ಒಂದು ಎಳೆಯಷ್ಟೂ ತಿರುಗಿರಲಿಲ್ಲ. ಆದರೆ ಹತ್ತಿರದಿಂದ ನೋಡಿದರೆ, ಹೆಂಡತಿ ಮಗು ಕೂತ ಕತ್ತೆಯ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದರು.

“ಏನಾಯ್ತೇ?” ಎಂದಳು ಕೆಳಗಿನಿಂದ ಕೊನ್ಚೆತ್ತಾ.

“ಏನಿಲ್ಲ. ಸೋತೆ.”

ಹಬ್ಬದ ದಿನ ಪಟಕ್ಕೆ ಬಟ್ಟೆ ಹಾಕಲಿಲ್ಲ. ಊರೆಲ್ಲ ಜೋಸೆಫರ ಮುಖ ನೋಡಿತು.

ಪಂದ್ಯದ ವಾರ ಯಾವಾಗಲೋ ಮುಗಿಯಿತು. ಇವತ್ತಿಗೂ ಬೆಳಿಗ್ಗೆ ಎದ್ದು, ಕಾಫಿಗೆ ನೀರಿಡುವ ಮೊದಲು, ವೆನೇರಾ ಬಾಗಿಲ ಬಳಿ ಕೂತು ನುಂಜಿಯೊನ ಬೂಟು ಉಜ್ಜುತ್ತಾಳೆ. ಆಮೇಲೆ ಅವುಗಳ ಮೂತಿ ದಾರಿ ನೋಡುವ ಹಾಗೆ ಬೀದಿಯ ಕಡೆಗೆ ಮಾಡಿ ಇಡುತ್ತಾಳೆ.