ಕೆಳಗಿನ ಮನೆಯವಳ ದೂರು

ದುಬೈಗೆ ಬಂದ ಮೊದಲ ವರ್ಷ ನನ್ನನ್ನು ಎಲ್ಲಕ್ಕಿಂತ ಹೆಚ್ಚು ರೇಗಿಸಿದ್ದು ‘ಸಿಗೋಣ’ ಎಂಬ ಮಾತು. ನಾವಿದ್ದ ಅಲ್ ಮುರಕ್ಕಬಾತ್ ಬಡಾವಣೆಯ ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಮಗಳ ಸ್ಕೂಲ್ ಬಸ್ ನಿಲ್ಲುವಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ನಾನೇ ಮೇಲೆ ಬಿದ್ದು ಮಾತಾಡಿಸುತ್ತಿದ್ದೆ. ಅವರೂ ನಂಬರ್ ತೆಗೆದುಕೊಂಡು, ಮುಂದಿನ ವಾರ ಖಂಡಿತ ಸಿಗೋಣ ಎನ್ನುತ್ತಿದ್ದರು. ಆ ಮುಂದಿನ ವಾರ ಬರುತ್ತಲೇ ಇರಲಿಲ್ಲ.

ಒಮ್ಮೆ ಒಬ್ಬರು ನಿಜಕ್ಕೂ ಊಟಕ್ಕೆ ಕರೆದರು. ಅಲ್ಲಿದ್ದವರೆಲ್ಲ ಉಡುಪಿ, ಮಂಗಳೂರು ಕಡೆಯವರು. ನನಗಾಗಿ ಎರಡು ಮಾತು ಕನ್ನಡದಲ್ಲಿ ಆಡಿ ತುಳುವಿಗೆ ಹೊರಳಿದರು. ಅವರು ನಕ್ಕಾಗ ನಾನೂ ನಕ್ಕೆ. ನಾನು ವಿಜಯಪುರದವಳೆಂದು ತಿಳಿದಾಗ, ಅಲ್ಲಿ ಬಿಸಿಲು ಜಾಸ್ತಿಯಲ್ಲವೇ ಎಂದು ಒಬ್ಬಾಕೆ ಮರುಕದಿಂದ ಕೇಳಿದಳು. ದುಬೈಯಲ್ಲಿ ಕೂತು! ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದೆ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಫ್ಯಾಕ್ಟರಿಯಿಂದ ದಣಿದು ಬಂದಿದ್ದ ಆತ, ನಿನಗೆ ತಾಳ್ಮೆಯಿಲ್ಲ ಎಂದು ಮಲಗಿಬಿಟ್ಟ.

ಹೀಗಿರುವಾಗ ಒಂದು ಮಧ್ಯಾಹ್ನ ಕಟ್ಟಡದ ವಾಚ್‌ಮನ್ ಬಂದು ಬೆಲ್ ಒತ್ತಿದ. ನಾನು ರೊಟ್ಟಿ ಬಡಿಯುವ ಸದ್ದಿನ ಬಗ್ಗೆ ಕೆಳಗಿನ ಮನೆಯವರು ದೂರು ಕೊಟ್ಟಿದ್ದರಂತೆ. ಜೋಳದ ರೊಟ್ಟಿಯನ್ನು ಬಡಿಯದೆ ಮಾಡುವುದು ಹೇಗೆ? ಹಿಟ್ಟಿನ ಕೈಯಲ್ಲೇ ಕೆಳಗಿಳಿದೆ.

ಬಾಗಿಲು ತೆರೆದವಳು ನನ್ನದೇ ವಯಸ್ಸಿನ ಹೆಂಗಸು. ಕೆಂಪೇರಿದ ಕಣ್ಣು, ಅವಸರದಲ್ಲಿ ತಲೆಗೆ ಎಳೆದುಕೊಂಡ ದುಪ್ಪಟ್ಟಾ. ಬಾರದ ಹಿಂದಿಯಲ್ಲಿ ಶುರುಮಾಡಿದ ನಾನು ಸಿಟ್ಟು ಏರಿದಂತೆ ಕನ್ನಡಕ್ಕೆ ಬಂದಿದ್ದೆ. “ನನ್ನ ಮನ್ಯಾಗ ರೊಟ್ಟಿ ಬಡಿಯಾಕೂ ನಿಮ್ಮನ್ನ ಕೇಳ್ಬೇಕೇನ್ರಿ?”

“ಕನ್ನಡದವರಾ ನೀವು? ಹಾಗಾದ್ರೆ ಸರಿ ಕೇಳಿ ಮಾರಾಯ್ರೆ. ನಂಗೆ ನೈಟ್ ಡ್ಯೂಟಿ. ಈಗ ಮಲಗ್ಲಿಕ್ಕೆ ಉಂಟು. ರೊಟ್ಟಿ ಸಂಜೆ ಬಡೀರಿ,” ಎಂದು ಬಾಗಿಲು ಹಾಕಿಕೊಂಡಳು.

ಅವಳು ಮಂಗಳೂರಿನ ಬ್ಯಾರಿ ಮನೆತನದವಳು, ಆಸ್ಪತ್ರೆಯಲ್ಲಿ ನರ್ಸ್. ಸಂಜೆ ತಾನೇ ಮೇಲೆ ಬಂದಳು. ಕ್ಷಮೆ ಕೇಳಲು ಬಂದಿರಬೇಕು ಎಂದುಕೊಂಡರೆ, ಇಷ್ಟು ಗದ್ದಲದ ರೊಟ್ಟಿ ಹೇಗಿರುತ್ತದೆಂದು ನೋಡಲು! ಒಂದು ಚೂರು ಮುರಿದು ತಿಂದು, ತಮ್ಮ ಮನೆಯ ಅಕ್ಕಿರೊಟ್ಟಿ ಇದಕ್ಕಿಂತ ಮೆತ್ತಗೆ ಎಂದಳು.

ಅಲ್ಲಿಂದ ನಮ್ಮ ಮನೆಯಲ್ಲಿ ಅವಳದೇ ದರ್ಬಾರು. ಕೇಳದೆ ಫ್ರಿಜ್ ತೆರೆಯುತ್ತಿದ್ದಳು, ಪರದೆಯ ಬಣ್ಣ ಸರಿಯಿಲ್ಲ ಎನ್ನುತ್ತಿದ್ದಳು. ಐದಕ್ಕೆ ತಯಾರಾಗಿರಿ ಎಂದವಳು ಏಳಕ್ಕೆ ಬರುತ್ತಿದ್ದಳು. ನಾನು ಮುನಿಸಿಕೊಂಡರೆ ಅದು ಅವಳ ಗಮನಕ್ಕೇ ಬರುತ್ತಿರಲಿಲ್ಲ.

ಕಳೆದ ವರ್ಷ ಅಬುಧಾಬಿಯಲ್ಲಿ ಕೆಲಸ ಸಿಕ್ಕಿ ಅವಳು ಅಲ್ಲಿನ ಎಲೆಕ್ಟ್ರಾ ಸ್ಟ್ರೀಟಿಗೆ ಮನೆ ಬದಲಿಸಿದಳು. ಶನಿವಾರ ಬನ್ನಿ, ಬಸ್ ಇದೆಯಲ್ಲ ಎಂದಳು. ಹೋದರೆ ಬಾಗಿಲಿಗೆ ಬೀಗ. ಫೋನ್ ಮಾಡಿದಾಗ, ಡ್ಯೂಟಿ ಬದಲಾಯಿತು, ಹೇಳಲು ಮರೆತೆ, ಸಂಜೆ ಬರುತ್ತೇನೆ ಎಂದಳು. ಕೆಳಗಿನ ಕೆಫೆಟೇರಿಯಾದಲ್ಲಿ ಚಹಾದ ಮೇಲೆ ಚಹಾ ಕುಡಿಯುತ್ತಾ, ಈ ಗೆಳೆತನ ಖಲಾಸ್ ಎಂದು ನಿರ್ಧರಿಸಿದೆ. ಆದರೂ ಎದ್ದು ಬಸ್ಸಿಗೆ ಹೋಗಲಿಲ್ಲ. ಅದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಸಂಜೆ ಅವಳು ಯೂನಿಫಾರ್ಮಿನಲ್ಲೇ ಬಂದಳು. “ಇನ್ನೂ ಇದ್ದೀರಾ? ಒಳ್ಳೇದಾಯ್ತು. ಸೋಫಾ ಸರಿಸ್ಲಿಕ್ಕೆ ಒಬ್ರು ಬೇಕಿತ್ತು.”

ಮಧ್ಯಾಹ್ನದಿಂದ ಕೂಡಿಸಿಟ್ಟಿದ್ದ ಬೈಗುಳವನ್ನೆಲ್ಲ ಅಲ್ಲೇ ಸುರಿದೆ. ಅವಳು ಎದುರು ಕೂತು ಕೊನೆಯವರೆಗೂ ಕೇಳಿಸಿಕೊಂಡು, ನನ್ನ ಲೋಟದಲ್ಲಿ ಉಳಿದಿದ್ದ ಚಹಾ ಕುಡಿದು ಮುಗಿಸಿದಳು. ಆಮೇಲೆ ಇಬ್ಬರೂ ಮೇಲೆ ಹೋಗಿ ಸೋಫಾ ಸರಿಸಿದೆವು.